ಪಿ53 ಸೀಸೆಯ ಚೀಟಿಯನ್ನು ಓದುವುದು ಹೇಗೆ

ಪಿ53 ಎಂಬ ಪ್ರೋಟೀನಿನ ಹೆಸರು ಬಂದೊಡನೆ ನಮ್ಮ ಉತ್ತರಪತ್ರಿಕೆಗಳಲ್ಲಿ ‘ಜೀನೋಮಿನ ಕಾವಲುಗಾರ’ ಎಂಬ ಮಾತು ತಾನಾಗಿಯೇ ಬಂದುಬಿಡುತ್ತದೆ. ವಿಜ್ಞಾನಿ ಡೇವಿಡ್ ಲೇನ್ 1992ರಲ್ಲಿ ಕೊಟ್ಟ ಬಿರುದು ಅದು. ಬರೆದರೆ ಅಂಕವೂ ಸಿಗುತ್ತದೆ. ಆದರೆ ಫ್ರೀಜರ್‌ನಿಂದ ಹೊರತೆಗೆದ ಪುಟ್ಟ ಸೀಸೆಯಲ್ಲಿರುವ ಮರುಸಂಯೋಜಿತ (ಜೀನನ್ನು ಬೇರೆ ಜೀವಕೋಶಕ್ಕೆ ಸೇರಿಸಿ ತಯಾರಿಸಿದ) ಪಿ53 ಕೆಲಸ ಮಾಡುವ ಸ್ಥಿತಿಯಲ್ಲಿದೆಯೇ ಇಲ್ಲವೇ ಎಂಬುದನ್ನು ಬಿರುದು ಹೇಳುವುದಿಲ್ಲ. ಮಾನಸಗಂಗೋತ್ರಿಗೆ ಹೊಸದಾಗಿ ಬಂದು, ಅದರಲ್ಲೂ ಮಂಡ್ಯ, ನಂಜನಗೂಡು ಕಡೆಯಿಂದ ಪದವಿ ಮುಗಿಸಿ ಬಂದು, ಮೊದಲ ಬಾರಿಗೆ ಶುದ್ಧ ಪ್ರೋಟೀನನ್ನು ಕೈಗೆತ್ತಿಕೊಳ್ಳುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ.

ಸೀಸೆಯಲ್ಲಿ ಏನಿದೆ ಎಂದು ವಿಚಾರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಪ್ರೋಟೀನಿನ ಚರಿತ್ರೆಯೇ ಸಾಕ್ಷಿ. 1979ರಲ್ಲಿ ಎಸ್‌ವಿ40 ವೈರಸ್ಸಿನ ಪ್ರೋಟೀನಿಗೆ ಅಂಟಿಕೊಂಡ ಸ್ಥಿತಿಯಲ್ಲಿ ಇದು ಪತ್ತೆಯಾಯಿತು. ಮುಂದಿನ ಸುಮಾರು ಹತ್ತು ವರ್ಷ ಇದನ್ನು ಕ್ಯಾನ್ಸರ್ ಉಂಟುಮಾಡುವ ಪ್ರೋಟೀನ್ ಎಂದೇ ನಂಬಲಾಗಿತ್ತು. ಪ್ರಯೋಗಗಳಲ್ಲಿ ಬಳಸಿದ್ದ ಹಲವು ಕ್ಲೋನ್‌ಗಳಲ್ಲಿ ಮ್ಯುಟೇಷನ್ (ಜೀನಿನ ಸರಣಿಯಲ್ಲಿ ಬದಲಾವಣೆ) ಇದ್ದದ್ದು ಬಯಲಾದ ಮೇಲೆ, 1989ರ ಹೊತ್ತಿಗೆ, ಸಹಜ ಪಿ53 ಗಡ್ಡೆಯನ್ನು ತಡೆಯುತ್ತದೆ ಎಂಬುದು ಸ್ಪಷ್ಟವಾಯಿತು.

ಈಗ ಚೀಟಿಗೆ ಬರೋಣ. ‘ಮಾನವ’ ಎಂದಿದ್ದರೆ ಅಮೈನೋ ಆಮ್ಲಗಳ ಸರಣಿ ಮನುಷ್ಯನದು ಎಂದಷ್ಟೇ ಅರ್ಥ. ಪ್ರೋಟೀನನ್ನು ತಯಾರಿಸಿದ್ದು ಇ. ಕೋಲೈ ಬ್ಯಾಕ್ಟೀರಿಯಾ ಇರಬಹುದು, ಕೀಟದ ಜೀವಕೋಶವೂ ಇರಬಹುದು. ದಸರಾ ಕಳೆದ ಮೇಲೆ ನಡೆಯುವ ಸೆಮಿನಾರುಗಳಲ್ಲಿ ಆನೆಯಲ್ಲಿ ಪಿ53 ಜೀನುಗಳು ಎಷ್ಟು ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ನಮ್ಮಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಪಿ53 ತಯಾರಿಸುವ ಟಿಪಿ53 ಜೀನಿನ ಎರಡೇ ಪ್ರತಿಗಳು. ಆಫ್ರಿಕಾದ ಆನೆಯ ಜೀನೋಮಿನಲ್ಲಿ ಇಂಥ ಸುಮಾರು 20 ನಕಲುಗಳಿವೆ, ಅಂಬಾರಿ ಹೊರುವ ನಮ್ಮ ಏಷ್ಯಾದ ಆನೆಯಲ್ಲೂ ಹಲವು ಇವೆ ಎಂದು 2015ರಲ್ಲಿ ಪ್ರಕಟವಾಯಿತು. ಹೆಚ್ಚುವರಿ ನಕಲುಗಳೆಲ್ಲ ಆರ್‌ಎನ್‌ಎಯಿಂದ ಮತ್ತೆ ಡಿಎನ್‌ಎಯಾಗಿ ಜೀನೋಮಿಗೆ ಸೇರಿದ, ಇಂಟ್ರಾನ್ (ನಡುವಿನ ಸಂಕೇತರಹಿತ ಭಾಗ) ಇಲ್ಲದ ರೆಟ್ರೋಜೀನ್‌ಗಳು. ಸ್ವಾರಸ್ಯಕರ ಸಂಗತಿ, ಆದರೆ ನಮ್ಮ ಸೀಸೆಗೂ ಅದಕ್ಕೂ ಸಂಬಂಧವಿಲ್ಲ.

ಪೂರ್ಣ ಪಿ53ರಲ್ಲಿ 393 ಅಮೈನೋ ಆಮ್ಲಗಳಿವೆ. ಲೆಕ್ಕದ ಪ್ರಕಾರ ತೂಕ 43.7 ಕಿಲೋಡಾಲ್ಟನ್, ಆದರೆ ಪ್ರೋಟೀನುಗಳನ್ನು ಬಿಚ್ಚಿ ಗಾತ್ರದ ಪ್ರಕಾರ ಬೇರ್ಪಡಿಸುವ ಎಸ್‌ಡಿಎಸ್ ಜೆಲ್‌ನಲ್ಲಿ ಪಟ್ಟಿ ಕಾಣಿಸುವುದು 53ರ ಬಳಿ. ಪ್ರೋಲಿನ್ ಹೇರಳವಾಗಿರುವ ಭಾಗವೊಂದು ಜೆಲ್‌ನಲ್ಲಿ ಅದರ ಓಟವನ್ನು ನಿಧಾನಿಸುತ್ತದೆ. ಹೆಸರಿನಲ್ಲಿರುವ ಸಂಖ್ಯೆ ಹುಟ್ಟಿದ್ದೂ ಈ ಪಟ್ಟಿಯಿಂದಲೇ. ಸಾಂದ್ರತೆ ಲೆಕ್ಕ ಹಾಕುವಾಗ 53 ಅಲ್ಲ, 43.7 ಹಿಡಿಯಬೇಕು. 10 ಮೈಕ್ರೋಗ್ರಾಂ ಎಂದರೆ ಸುಮಾರು 229 ಪಿಕೋಮೋಲ್. ಆದರೆ ಪಿ53 ಡಿಎನ್‌ಎಗೆ ಅಂಟುವುದು ನಾಲ್ಕು ಸರಪಳಿಗಳು ಕೂಡಿದ ಟೆಟ್ರಾಮರ್ ಆಗಿ. ಹಾಗೆ ಎಣಿಸಿದರೆ 57 ಪಿಕೋಮೋಲ್ ಮಾತ್ರ. ಯಾವ ಲೆಕ್ಕ ಹಿಡಿದಿದ್ದೀರಿ ಎಂದು ನೋಟ್‌ಬುಕ್‌ನಲ್ಲಿ ಬರೆದಿಡದಿದ್ದರೆ ಮುಂದಿನ ಗ್ರಾಫುಗಳೆಲ್ಲ ನಾಲ್ಕು ಪಟ್ಟು ಆಚೀಚೆಯಾಗುತ್ತವೆ. ಜಿಎಸ್‌ಟಿ ಟ್ಯಾಗ್ (ಶುದ್ಧೀಕರಣಕ್ಕಾಗಿ ಜೋಡಿಸುವ ಇನ್ನೊಂದು ಪ್ರೋಟೀನ್) ಇದ್ದರೆ ಇನ್ನೂ ಸುಮಾರು 26 ಕಿಲೋಡಾಲ್ಟನ್ ಸೇರಿಸಿ. ಜಿಎಸ್‌ಟಿ ತಾನೇ ಜೋಡಿಯಾಗುವ ಸ್ವಭಾವದ್ದು, ಆದ್ದರಿಂದ ಟೆಟ್ರಾಮರ್ ಬಗೆಗಿನ ಪ್ರಯೋಗಕ್ಕೆ ನಾನಂತೂ ಅದನ್ನು ಆರಿಸುವುದಿಲ್ಲ.

ಚೀಟಿಯಲ್ಲಿ ‘94–312’ ಎಂದಿದ್ದರೆ ಅದು 94ರಿಂದ 312ನೆಯ ಅಮೈನೋ ಆಮ್ಲದವರೆಗಿನ, ಡಿಎನ್‌ಎ ಹಿಡಿಯುವ ನಡುವಿನ ತುಂಡು ಮಾತ್ರ. ಪಿ53ಯನ್ನು ಹತೋಟಿಯಲ್ಲಿಡುವ ಎಂಡಿಎಂ2 ಎಂಬ ಪ್ರೋಟೀನ್ ಅಂಟುವ ಜಾಗ ಸರಪಳಿ ಶುರುವಾಗುವ ಎನ್ ತುದಿಯಲ್ಲಿದೆ. ಅಲ್ಲಿನ 19, 23 ಮತ್ತು 26ನೆಯ ಅಮೈನೋ ಆಮ್ಲಗಳೇ ಆ ಬೆಸುಗೆಯ ಮುಖ್ಯ ಬಿಂದುಗಳು. ನಡುವಿನ ತುಂಡನ್ನು ತರಿಸಿಕೊಂಡು ಎಂಡಿಎಂ2 ಪ್ರಯೋಗ ಮಾಡಿದರೆ ಬಫರ್ ಎಷ್ಟು ಬದಲಿಸಿದರೂ ಫಲ ಸಿಗದು.

ಈ ನಡುವಿನ ತುಂಡಿನ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಪಿ53 ಕೆಡುವುದು ಇಲ್ಲಿಂದಲೇ. ಅದರೊಳಗೆ ಒಂದು ಸತುವಿನ ಅಯಾನು ಇದೆ. 176, 238, 242ನೆಯ ಸಿಸ್ಟೀನ್‌ಗಳೂ 179ನೆಯ ಹಿಸ್ಟಿಡಿನ್ ಕೂಡ ಅದನ್ನು ಹಿಡಿದುಕೊಂಡಿವೆ. ಸತು ಕಳಚಿತೆಂದರೆ ಪ್ರೋಟೀನಿನ ಮಡಿಕೆ ಸಡಿಲವಾಗಿ ಡಿಎನ್‌ಎ ಹಿಡಿತ ತಪ್ಪುತ್ತದೆ. ಕ್ಯಾನ್ಸರ್‌ನಲ್ಲಿ ಪದೇಪದೇ ಕಾಣುವ ಆರ್175ಎಚ್ ಮ್ಯುಟೇಷನ್ (175ನೆಯ ಆರ್ಜಿನಿನ್ ಜಾಗದಲ್ಲಿ ಹಿಸ್ಟಿಡಿನ್) ಮಾಡುವುದೂ ಬಹುಪಾಲು ಇದನ್ನೇ. ಬಫರ್ ತಯಾರಿಸುವಾಗ ಅಭ್ಯಾಸಬಲದಿಂದ, ಲೋಹದ ಅಯಾನುಗಳನ್ನು ಕಿತ್ತುಕೊಳ್ಳುವ ಇಡಿಟಿಎ ಸುರಿಯುವವರು ಇಲ್ಲಿ ನಿಲ್ಲಬೇಕು: ಸಹಜ ಪಿ53ಗೆ ನಾವೇ ಕೈಯಾರೆ ಮ್ಯುಟೇಷನ್ ತಂದಂತಾಗುತ್ತದೆ. ಉತ್ಕರ್ಷಣೆ ತಡೆಯಲು ಟಿಸಿಇಪಿ ಒಳ್ಳೆಯದು. ಅದೇ ಕೆಲಸದ ಡಿಟಿಟಿ ಹೆಚ್ಚಾದರೆ ಸತುವನ್ನೂ, ಶುದ್ಧೀಕರಣದ ಕಾಲಮ್ಮಿನ ನಿಕ್ಕಲ್ಲನ್ನೂ ಕಾಡುತ್ತದೆ.

ಶಾಖವೂ ಇದಕ್ಕೆ ಆಗಿಬರದು. ಈ ತುಂಡು 44 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಚ್ಚಿಕೊಳ್ಳುತ್ತದೆ, 37ರಲ್ಲೇ ನಿಮಿಷಗಳ ಲೆಕ್ಕದಲ್ಲಿ ಕುಸಿಯತೊಡಗುತ್ತದೆ. ಏಪ್ರಿಲ್ ತಿಂಗಳ ಮೈಸೂರಿನ ಮಧ್ಯಾಹ್ನ ಸೀಸೆಯನ್ನು ಮೇಜಿನ ಮೇಲಿಟ್ಟು ಚಹಾಕ್ಕೆ ಹೋಗುವ ವಸ್ತುವಲ್ಲ ಇದು. ಬ್ಯಾಕ್ಟೀರಿಯಾದಲ್ಲಿ ತಯಾರಿಸುವಾಗಲೂ ಪ್ರೋಟೀನ್ ತಯಾರಿಕೆಗೆ ಚಾಲನೆ ಕೊಡುವ ಐಪಿಟಿಜಿ ಹಾಕುವ ಮೊದಲು ಉಷ್ಣತೆಯನ್ನು 18 ಡಿಗ್ರಿಯ ಸುತ್ತ ಇಳಿಸುವುದು ಇದಕ್ಕಾಗಿಯೇ; ಇಲ್ಲದಿದ್ದರೆ ಪ್ರೋಟೀನಿನ ದೊಡ್ಡ ಪಾಲು ಕರಗದ ಗಂಟುಗಳಾಗಿ ತಳದಲ್ಲಿ ಉಳಿಯುತ್ತದೆ. ಈ ತೊಂದರೆಯಿಂದ ಪಾರಾಗಲು ಎಂ133ಎಲ್, ವಿ203ಎ, ಎನ್239ವೈ, ಎನ್268ಡಿ ಎಂಬ ನಾಲ್ಕು ಬದಲಾವಣೆಗಳಿರುವ ಗಟ್ಟಿ ಪಿ53 ಒಂದನ್ನು ರೂಪಿಸಿದ್ದಾರೆ. ರಚನೆಯ ಅಧ್ಯಯನಕ್ಕೆ ಅದು ವರದಾನ. ಆದರೆ ಲೇಖನದ ಶೀರ್ಷಿಕೆಯಲ್ಲಿ ಬರಿ ‘ಪಿ53’ ಎಂದಿದ್ದು, ವಿಧಾನದ ಭಾಗದಲ್ಲಿ ಈ ನಾಲ್ಕು ಅಡಗಿದ್ದರೆ, ಆ ಸ್ಥಿರತೆಯ ಅಂಕಿಗಳನ್ನು ನಿಮ್ಮ ಸಹಜ ಪಿ53ಗೆ ಹಚ್ಚಬೇಡಿ.

ಬ್ಯಾಕ್ಟೀರಿಯಾದಿಂದ ಬಂದ ಪಿ53ಗೆ ನಮ್ಮ ಜೀವಕೋಶಗಳಲ್ಲಿ ಸೇರುವ ಫಾಸ್ಫೇಟ್, ಅಸಿಟೈಲ್ ಗುಂಪುಗಳು ಇರುವುದಿಲ್ಲ. ಡಿಎನ್‌ಎ ಹಾನಿಯಾದಾಗ ಎಟಿಎಂ ಕೈನೇಸ್ 15ನೆಯ ಸೆರೀನ್‌ಗೆ ಫಾಸ್ಫೇಟ್ ಸೇರಿಸುತ್ತದೆಯಲ್ಲ, ಅದೂ ಇಲ್ಲ. ಇದನ್ನು ಕೊರತೆ ಎಂದೇ ಎಣಿಸಬೇಕಾಗಿಲ್ಲ. ಕೈನೇಸಿನ ಚಟುವಟಿಕೆ ಅಳೆಯುವವರಿಗೆ ಬೇಕಾದದ್ದು ಇಂಥ ಖಾಲಿ ಪ್ರೋಟೀನೇ.

ಬ್ರಾಡ್‌ಫೋರ್ಡ್ ವಿಧಾನ ಪ್ರಮಾಣವನ್ನು ತಿಳಿಸುತ್ತದೆ, ಮಡಿಕೆಯನ್ನಲ್ಲ. ಮಡಿಕೆ ನೋಡಲು ಎರಡು ಪ್ರತಿಕಾಯಗಳಿವೆ: ಪಿಎಬಿ1620 ಸರಿಯಾಗಿ ಮಡಿಚಿದ ಪಿ53ಯನ್ನು ಗುರುತಿಸುತ್ತದೆ, ಪಿಎಬಿ240 ಬಿಚ್ಚಿಕೊಂಡದ್ದನ್ನು. ಇವುಗಳನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ ಬಳಸಿ ತೀರ್ಪು ಕೊಡಬೇಡಿ, ಎಸ್‌ಡಿಎಸ್ ಎಲ್ಲವನ್ನೂ ಮೊದಲೇ ಬಿಚ್ಚಿರುತ್ತದೆ. ಮಡಿಕೆ ಕೆಡಿಸದ ಬಫರ್‌ನಲ್ಲಿ ಇಮ್ಯುನೋಪ್ರೆಸಿಪಿಟೇಷನ್ (ಪ್ರತಿಕಾಯದಿಂದ ಪ್ರೋಟೀನನ್ನು ಹಿಡಿದು ಹೊರತೆಗೆಯುವುದು) ಮಾಡಿ. ಆಮೇಲೆ ಪಿ21 ಜೀನಿನ ಪಿ53 ಅಂಟುವ ಸರಣಿಯಿರುವ ಡಿಎನ್‌ಎ ತುಣುಕಿನೊಂದಿಗೆ ಜೆಲ್ ಶಿಫ್ಟ್: ಪ್ರೋಟೀನ್ ಅಂಟಿದ ಡಿಎನ್‌ಎ ಜೆಲ್‌ನಲ್ಲಿ ನಿಧಾನವಾಗಿ ಓಡಿ ಮೇಲೆ ಪಟ್ಟಿಯಾಗಿ ನಿಲ್ಲುತ್ತದೆ. ಗುರುತು ಹಚ್ಚದ ಅದೇ ಡಿಎನ್‌ಎಯನ್ನು ಹೆಚ್ಚು ಪ್ರಮಾಣದಲ್ಲಿ ಸೇರಿಸಿದಾಗ ಮೇಲಿನ ಪಟ್ಟಿ ಮಾಯವಾಗಬೇಕು, ಸರಣಿ ಕೆಡಿಸಿದ ಡಿಎನ್‌ಎ ಸೇರಿಸಿದಾಗ ಉಳಿಯಬೇಕು. ಪಕ್ಕದ ಸಾಲಿನಲ್ಲಿ ಆರ್273ಎಚ್ ಪ್ರೋಟೀನನ್ನೂ ಓಡಿಸಿ. 273ನೆಯ ಆರ್ಜಿನಿನ್ ಡಿಎನ್‌ಎಯನ್ನು ನೇರವಾಗಿ ಮುಟ್ಟುವ ಕೊಂಡಿ; ಅದು ಹೋದರೂ ಮಡಿಕೆ ಬಹುಮಟ್ಟಿಗೆ ಉಳಿದಿರುತ್ತದೆ. ನಿಮ್ಮ ಸಹಜ ಪಿ53 ಡಿಎನ್‌ಎಯನ್ನೂ ಹಿಡಿಯದೆ ಪಿಎಬಿ240ಗೂ ಅಂಟುತ್ತಿದ್ದರೆ, ಮತ್ತೆ ಬಫರ್ ಪಟ್ಟಿಗೆ ಹೋಗಿ ಇಡಿಟಿಎ ಇದೆಯೇ ನೋಡಿ.