ಹಳೆಯ ಪತ್ರಿಕೆಯ ಹಳ್ಳಿ ಸುದ್ದಿ: ಕುಸ್ತಿ, ಕರಿ, ಪಂಚಮಿ

ಧಾರವಾಡ ಸೀಮೆಯ ಹಳೆಯ ಪತ್ರಿಕೆ ಹಿಡಿದು ಕೂತರೆ ಮೊದಲು ತೊಡಕಾಗುವುದು ಊರಿನದೇ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಸುದ್ದಿಯಲ್ಲಿ ರೋಣ, ಹಾನಗಲ್ಲ, ರಾಣೇಬೆನ್ನೂರು ಎಲ್ಲವೂ ಧಾರವಾಡ ಜಿಲ್ಲೆಯೇ. ಆದರೆ ಸವಣೂರು 1948ರವರೆಗೆ ನವಾಬರ ಸಂಸ್ಥಾನ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಾಗಾಗಿ ಮರಾಠಿಯಿಂದ ಬಂದ ಮಾತು ಜಾಸ್ತಿ. ಸುದ್ದಿಗೆ ಬಾತ್ಮಿ ಅಂತಾರೆ, ಬರೆದು ಕಳಿಸುವವನು ಬಾತ್ಮೀದಾರ. 'ತಾ.' ಅಂದರೆ ತಾರೀಖೂ ಹೌದು, ತಾಲೂಕೂ ಹೌದು. ಪಕ್ಕದಲ್ಲಿ ಅಂಕಿ ಇದೆಯಾ ನೋಡಿ.

ಕುಸ್ತಿಯ ಸುದ್ದಿ ಹೇಗಿರುತ್ತದೆ ಎಂದು ತೋರಿಸಲು ನಾನೇ ಒಂದು ಮಾದರಿ ಬರೆದಿದ್ದೇನೆ:

"ತಾ. 12ರಂದು ಇಲ್ಲಿಯ ಹನುಮಂತ ದೇವರ ಓಕುಳಿಯ ನಿಮಿತ್ತ ಜಂಗಿ ನಿಕಾಲಿ ಕುಸ್ತಿಗಳು ಜರುಗಿದವು. ಮೊದಲ ಜೋಡಿ ಬರಾಬರಿಯಾಯಿತು. ಎರಡನೆಯ ಜೋಡಿಯಲ್ಲಿ ಗೆದ್ದವರಿಗೆ ಲಿಂ. ದೇಸಾಯರ ಸ್ಮರಣಾರ್ಥ ಬೆಳ್ಳಿ ಕಡಗ ಕೊಡಲಾಯಿತು. ಗೌಡರು ಗ್ಯಾಸ್ ಬತ್ತಿ ಒದಗಿಸಿದ್ದರು. ಪರಊರಿನ ಪೈಲವಾನರ ಊಟದ ವ್ಯವಸ್ಥೆಯನ್ನು ಅಡತಿ ವ್ಯಾಪಾರಸ್ಥರು ಮಾಡಿದ್ದರು."

ಜಂಗಿ ಅಂದರೆ ಭಾರಿ, ನಿಕಾಲಿ ಅಂದರೆ ಒಬ್ಬ ಚಿತ್ ಆಗುವವರೆಗೆ, ಬೆನ್ನು ಮಣ್ಣಿಗೆ ಹತ್ತುವವರೆಗೆ ನಡೆಯುವ ಕುಸ್ತಿ. ಯಾರೂ ಬೀಳದೆ ಪಂಚರು ಬಿಡಿಸಿದರೆ ಬರಾಬರಿ. 'ಲಿಂ.' ಎಂದರೆ ಲಿಂಗೈಕ್ಯ. ಅಂದರೆ ದೇಸಾಯರು ತೀರಿಹೋಗಿದ್ದಾರೆ, ಕಡಗ ಕೊಟ್ಟದ್ದು ಅವರ ಮನೆಯವರು ಇರಬೇಕು. ಈ ಒಂದಕ್ಷರ ಕಣ್ತಪ್ಪಿದರೆ ತೀರಿಹೋದವರನ್ನೇ ಕಣದ ಪಕ್ಕ ಕೂರಿಸಿಬಿಡುತ್ತೀರಿ.

ನಾನು ಶುರುವಿನಲ್ಲಿ ಗೆದ್ದವರ ಹೆಸರು ಬರೆದುಕೊಂಡು ಮುಂದೆ ಹೋಗುತ್ತಿದ್ದೆ. ಈಗ ಕೊನೆಯ ಎರಡು ಸಾಲನ್ನೇ ಮೊದಲು ಓದುತ್ತೇನೆ. ಬೆಳಕು ಯಾರದು, ಊಟ ಯಾರದು? ಗ್ಯಾಸ್ ಬತ್ತಿ ಇತ್ತು ಅಂದರೆ ಕುಸ್ತಿ ಕತ್ತಲಾಗುವವರೆಗೆ ನಡೆದಿರಬೇಕು. ಅಡತಿಯವರು, ಅಂದರೆ ದಲ್ಲಾಳಿ ವ್ಯಾಪಾರಸ್ಥರು, ಊಟ ಹಾಕಿದ್ದಾರೆ ಅಂದರೆ ಹತ್ತಿ, ಶೇಂಗಾ ವ್ಯಾಪಾರದ ದುಡ್ಡು ಊರಿನ ಹಬ್ಬಕ್ಕೂ ಬರುತ್ತಿತ್ತು. ಹಿಂದೆ ಗೌಡರು, ದೇಸಾಯರು ಮಾಡುತ್ತಿದ್ದ ಖರ್ಚಿಗೆ ಈಗ ಬೇರೆಯವರೂ ಕೈಹಚ್ಚಿದ್ದಾರೆ. ಒಂದೇ ಊರಿನ ಇಂಥ ಸಾಲುಗಳನ್ನು ಹತ್ತಿಪ್ಪತ್ತು ವರ್ಷದ ಉದ್ದಕ್ಕೂ ಜೋಡಿಸಿ ನೋಡಿ. ಊರಿನ ಹಿರಿತನ ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಕಾಣುತ್ತದೆ.

ಬಹುಮಾನ '5-8-0' ಎಂದಿದ್ದರೆ 5 ರೂಪಾಯಿ 8 ಆಣೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 1957ರ ಏಪ್ರಿಲ್ 1ರಿಂದ ನೂರು ಪೈಸೆಯ ಲೆಕ್ಕ.

ಇನ್ನು ಕಾರಹುಣ್ಣಿಮೆ. 'ಬಿಳಿ ಎತ್ತು ಕರಿ ಹರಿಯಿತು' ಎಂಬ ಒಂದು ಸಾಲು ಸಿಕ್ಕರೆ ಅದನ್ನು ಬರೀ ಓಟದ ಫಲಿತಾಂಶ ಅಂದುಕೊಳ್ಳಬೇಡಿ. ಅಗಸಿಗೆ, ಅಂದರೆ ಊರ ಬಾಗಿಲಿಗೆ, ಅಡ್ಡ ಕಟ್ಟಿದ ತೋರಣವೇ ಕರಿ. ಸಿಂಗಾರ ಮಾಡಿದ ಎತ್ತುಗಳನ್ನು ಅದರತ್ತ ಓಡಿಸುತ್ತಾರೆ. ಬಿಳಿ ಎತ್ತು ಮೊದಲು ಹರಿದರೆ ಹಿಂಗಾರಿ ಬೆಳೆ ಚಲೋ, ಕೆಂದೆತ್ತು ಹರಿದರೆ ಮುಂಗಾರಿ ಚಲೋ ಎಂಬುದು ನಂಬಿಕೆ. ಆ ಸಾಲಿನಲ್ಲಿರುವುದು ಮಳೆಗೆ ಕಾಯುತ್ತಿದ್ದ ರೈತರ ವರ್ಷದ ಲೆಕ್ಕ. ಅದೇ ಊರಿನ ಸುದ್ದಿಯನ್ನು ಸುಗ್ಗಿ ಮುಗಿಯುವವರೆಗೆ ಹುಡುಕಿ, ಬೆಳೆ ಏನಾಯಿತು ನೋಡಿ. ಹಾವೇರಿ ಕಡೆಯ ಹೋರಿ ಹಬ್ಬ ಬೇರೆ. ಅದು ದೀಪಾವಳಿಯ ಹೊತ್ತಿನದು. ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಬೆದರಿಸಿ ಓಡಿಸುತ್ತಾರೆ, ಹುಡುಗರು ಸರ ಹರಿಯಲು ನುಗ್ಗುತ್ತಾರೆ. ಎರಡರಲ್ಲೂ 'ಹರಿಯುವುದು' ಇದೆ, ಗಲಿಬಿಲಿ ಮಾಡಿಕೊಳ್ಳಬೇಡಿ.

ನನ್ನನ್ನು ಜಾಸ್ತಿ ಕಾಡುವುದು ನಾಗರ ಪಂಚಮಿ. ನಮ್ಮ ಕಡೆ ಅದು ತವರಿಗೆ ಬಂದ ಹೆಣ್ಣುಮಕ್ಕಳ ಹಬ್ಬ ಅಲ್ವಾ? ಬೇವಿನ ಮರಕ್ಕೆ ಜೋಕಾಲಿ, ಮನೆತುಂಬ ಉಂಡಿ. ನಾನು ಓದಿದ ಹಾಳೆಗಳಲ್ಲಿ ಪಂಚಮಿಯ ದಿನ ಗುಂಡುಕಲ್ಲು ಎತ್ತಿದವನ ಹೆಸರಿದೆ, ಲಿಂಬೆಹಣ್ಣು ದೂರ ಎಸೆದವನ ಹೆಸರಿದೆ. ಜೋಕಾಲಿ ಆಡಿದ ಒಬ್ಬಳ ಹೆಸರೂ ನನಗೆ ಇನ್ನೂ ಸಿಕ್ಕಿಲ್ಲ. ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ಪಂಚಮಿಯ ಪುಟದ ಅರ್ಧ ಭಾಗ ಖಾಲಿ ಬಿಟ್ಟಿದ್ದೇನೆ. ಊರಿನ ಹಿರಿಯ ಅಜ್ಜಿಯರನ್ನು ಕೇಳಿ ಅದನ್ನು ತುಂಬುತ್ತಿದ್ದೇನೆ.