ನಾಗರಿಕ ವಿಜ್ಞಾನ: ಕಾಗೆಯನ್ನೂ ಬರೆದಿಡುವ ಕೆಲಸ

ವಿಜ್ಞಾನಿಗಳಲ್ಲದ ಜನರು ತಮ್ಮ ಬಿಡುವಿನ ಹೊತ್ತಿನಲ್ಲಿ, ಸಂಬಳವಿಲ್ಲದೆ, ಗೊತ್ತಾದ ಒಂದು ಕ್ರಮ ಹಿಡಿದು ಮಾಹಿತಿ ಕೂಡಿಹಾಕಿ ಸಂಶೋಧನೆಗೆ ಒದಗಿಸುವುದನ್ನು ‘ನಾಗರಿಕ ವಿಜ್ಞಾನ’ ಎನ್ನುತ್ತಾರೆ. ‘ಸಿಟಿಜನ್ ಸೈನ್ಸ್’ ಎಂಬುದರ ನೇರ ಅನುವಾದವಿದು. ಈ ಪದದ ಬಗ್ಗೆ ನನಗೊಂದು ತಕರಾರಿದೆ. ‘ನಾಗರಿಕ’ದೊಳಗೆ ನಗರ ಕುಳಿತಿದೆ. ಆದರೆ ಆಲಮಟ್ಟಿ ಹಿನ್ನೀರಿಗೆ ಯಾವ ಹಕ್ಕಿ ಯಾವ ವಾರ ಇಳಿಯಿತು ಎಂಬುದು ಬಾಗಲಕೋಟೆಯ ನವನಗರದವರಿಗಿಂತ ಮೊದಲು ಬಲೆ ಬೀಸುವವರಿಗೆ, ಕುರಿ ಕಾಯುವವರಿಗೆ ಗೊತ್ತಾಗುತ್ತದೆ. ‘ಜನವಿಜ್ಞಾನ’ ಎನ್ನಬಹುದಿತ್ತು. ಆ ಹೆಸರು ವಿಜ್ಞಾನವನ್ನು ಜನರ ಬಳಿಗೆ ಒಯ್ಯುವ ಚಳವಳಿಗೆ ಆಗಲೇ ಸಂದಿದೆ. ಇಲ್ಲಿ ದಾರಿ ಜನರಿಂದ ವಿಜ್ಞಾನದ ಕಡೆಗೆ.

ಹಕ್ಕಿಗಳ ಮಟ್ಟಿಗೆ ಇದು ಹೊಸದೇನಲ್ಲ. 1900ರ ಕ್ರಿಸ್‌ಮಸ್ ದಿನ ಅಮೆರಿಕದ ಪಕ್ಷಿತಜ್ಞ ಫ್ರಾಂಕ್ ಚಾಪ್ಮನ್, ಹಬ್ಬದಂದು ಬೇಟೆಯಾಡುವ ರೂಢಿ ಬಿಟ್ಟು ಹಕ್ಕಿ ಎಣಿಸೋಣ ಎಂದು ಕರೆ ಕೊಟ್ಟರು. ಅಂದು ಎಣಿಸಿದವರು 27 ಮಂದಿ; ಆ ಎಣಿಕೆ ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ 1987ರಿಂದ ಜನವರಿಯಲ್ಲಿ ನೀರುಹಕ್ಕಿಗಳ ಗಣತಿಯಿದೆ. ಫೆಬ್ರುವರಿ ನಡುವಿನ ನಾಲ್ಕು ದಿನ ಜಗತ್ತಿನಾದ್ಯಂತ ಮನೆಯಂಗಳದ ಹಕ್ಕಿ ಎಣಿಕೆ. ಅದಕ್ಕೆ ಭಾರತ 2013ರಲ್ಲಿ ಸೇರಿಕೊಂಡಿತು.

ಈ ಕೆಲಸದ ಜೀವಾಳ ‘ಪೂರ್ಣ ಪಟ್ಟಿ’. ಕನಿಷ್ಠ 15 ನಿಮಿಷ ಒಂದೆಡೆ ನಿಂತು ಅಥವಾ ನಡೆದು, ಕಣ್ಣಿಗೆ ಕಂಡ, ದನಿಯಿಂದ ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಸಂಖ್ಯೆಯೊಂದಿಗೆ ಬರೆಯಬೇಕು. ಜಾಗ, ಹೊತ್ತು, ನಡೆದ ದೂರವನ್ನೂ ಸೇರಿಸಬೇಕು. ಎಲ್ಲ ಎಂದರೆ ಕಾಗೆ, ಗೊರವಂಕ, ಬೆಳ್ಳಕ್ಕಿ ಕೂಡ. ಹೊಸಬರು ಎಡವುವುದು ಇಲ್ಲೇ. ರಾಜಹಂಸ (ಫ್ಲೆಮಿಂಗೊ) ಬರೆದವರು ಕಾಗೆಯನ್ನು ಬಿಟ್ಟುಬಿಡುತ್ತಾರೆ. ಅಪರೂಪದ್ದನ್ನಷ್ಟೇ ಬರೆದ ಪಟ್ಟಿಯಲ್ಲಿ ಗುಬ್ಬಿ ಇಲ್ಲದಿದ್ದರೆ, ಗುಬ್ಬಿ ಅಲ್ಲಿರಲಿಲ್ಲವೋ ಬರೆದವರಿಗೆ ಬೇಡವಾಯಿತೋ ಹೇಳುವುದು ಹೇಗೆ? ಪಟ್ಟಿ ಪೂರ್ಣವಾಗಿದ್ದರೆ ಅದರಲ್ಲಿಲ್ಲದ ಹೆಸರೂ ಮಾಹಿತಿಯೇ. ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಗುಬ್ಬಿ ಇತ್ತು, ಹತ್ತು ವರ್ಷದ ನಂತರ ಎಷ್ಟರಲ್ಲಿದೆ ಎಂದು ಹೋಲಿಸಿದಾಗ ಏರಿಳಿತ ತಿಳಿಯುತ್ತದೆ.

ನಮ್ಮ ರಾಜ್ಯಪಕ್ಷಿ ನೀಲಕಂಠದ ಸಂಗತಿ ಹೊರಬಿದ್ದದ್ದು ಹೀಗೆಯೇ. ಬನ್ನಿ ಕೊಡುವ ದಿನ ಅದು ಕಂಡರೆ ಶುಭ ಎನ್ನುತ್ತೇವೆ. ಹೊಲದ ತಂತಿಯ ಮೇಲೆ ಕುಳಿತಿರುತ್ತದೆ, ಎಲ್ಲಿ ಹೋದೀತು ಎಂಬ ನಂಬಿಕೆ. ಸುಮಾರು 30,000 ಪಕ್ಷಿವೀಕ್ಷಕರು ಬರೆದ 3 ಕೋಟಿ ದಾಖಲೆಗಳ ಮೇಲೆ 2023ರಲ್ಲಿ ಬಂದ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ, ಶೇ 30ಕ್ಕೂ ಹೆಚ್ಚು ಕುಸಿದ ಹಕ್ಕಿಗಳ ಸಾಲಿನಲ್ಲಿ ನೀಲಕಂಠವನ್ನು ಸೇರಿಸಿತು. ಸಂಬಳದ ಸಿಬ್ಬಂದಿಯಿಂದ ಇಷ್ಟು ಊರುಗಳಲ್ಲಿ ಇಷ್ಟು ಬೆಳಗುಗಳು ಎಣಿಸುವುದು ಸಾಧ್ಯವೇ ಇರಲಿಲ್ಲ.

ಎಣಿಸುವುದಕ್ಕೂ ಒಂದು ರೂಢಿ ಬೇಕು. ಫೆಬ್ರುವರಿಯ ಒಂದು ಮುಂಜಾನೆ ಹೆರಕಲ್ ಬಳಿ ಹಿನ್ನೀರು ಇಳಿದು ಕೆಸರು ತೆರೆದುಕೊಂಡಿತ್ತು. ರಾಜಹಂಸಗಳು ಕೊಕ್ಕು ತಲೆಕೆಳಗು ಮಾಡಿ ಕೆಸರುನೀರನ್ನು ಸೋಸುತ್ತಿದ್ದವು. ಒಂದೊಂದಾಗಿ ಎಣಿಸಹೊರಟರೆ ನಲವತ್ತಕ್ಕೆ ಲೆಕ್ಕ ತಪ್ಪುತ್ತದೆ. ಹತ್ತು ಹಕ್ಕಿ ಎಣಿಸಿ, ಚಾಚಿದ ಕೈಯ ಹೆಬ್ಬೆರಳಿನಿಂದ ಆ ಗುಂಪಿನ ಅಗಲ ಅಳೆದುಕೊಂಡು, ಅದೇ ಅಳತೆಯನ್ನು ಸಾಲಿನುದ್ದಕ್ಕೂ ಸರಿಸುತ್ತಾ ಹೋದೆ. ಮೂರು ಸಲ ಎಣಿಸಿದಾಗ ಮೂರು ಸಂಖ್ಯೆಗಳು ಬಂದವು; ನಡುವಿನದನ್ನು ಬರೆದುಕೊಂಡೆ. ದೂರದ ಬಾತುಗಳ ಗುರುತು ಹತ್ತಲಿಲ್ಲ. ಅವನ್ನು ‘ಬಾತು’ ಎಂದಷ್ಟೇ ಬರೆದೆ. ಇಲ್ಲಿ ಊಹಿಸಿ ಹೆಸರು ಕೊಡುವುದು ತಪ್ಪು. 2002ರಲ್ಲಿ ಶುರುವಾದ ಇ-ಬರ್ಡ್ ಎಂಬ ಹಕ್ಕಿ ದಾಖಲೆಗಳ ಜಾಲತಾಣಕ್ಕೆ ಪಟ್ಟಿ ಏರಿಸಿದ ಮೇಲೆ ಅಸಹಜವೆನಿಸಿದ ದಾಖಲೆಗಳನ್ನು ಆಯಾ ಪ್ರದೇಶದ ಅನುಭವಿ ಸ್ವಯಂಸೇವಕರು ಪರಿಶೀಲಿಸುತ್ತಾರೆ, ಫೋಟೊ ಕೇಳುತ್ತಾರೆ. ಕೇಳಿದರೆ ಬೇಸರಿಸಿಕೊಳ್ಳಬಾರದು, ಆ ಜರಡಿ ಇರುವುದರಿಂದಲೇ ಸಂಶೋಧಕರು ನಮ್ಮ ಪಟ್ಟಿಗಳನ್ನು ನಂಬುತ್ತಾರೆ.

ಬೆಳಗಾವಿ ಜಿಲ್ಲೆಯ ಘಟಪ್ರಭಾ 1974ರಿಂದ ಪಕ್ಷಿಧಾಮ. ಆ ಹೆಸರಿದ್ದಲ್ಲಿ ಎಣಿಸಲು ಇಲಾಖೆಯಿದೆ, ಅತಿಥಿಗಳೂ ಬರುತ್ತಾರೆ. ನಮ್ಮ ಹಿನ್ನೀರಿನ ಉದ್ದನೆಯ ದಂಡೆಯನ್ನು ನೋಡುವವರು ದಂಡೆಯವರೇ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ಮಟ್ಟ ಏರಿದ ಮೇಲೆ ಜನವರಿಯಲ್ಲಿ ಎಷ್ಟು ಕೆಸರು ತೆರೆದುಕೊಳ್ಳುತ್ತದೆ, ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದರ ಮೇಲೆ ರಾಜಹಂಸಗಳ ಮೇವು ನಿಂತಿದೆ. ಆಗಿನ ಎಣಿಕೆಯನ್ನು ಹೋಲಿಸಿ ನೋಡಲು ಬೇಕಾದ ಪಟ್ಟಿಗಳನ್ನು ನೀರು ಈಗಿನ ಮಟ್ಟದಲ್ಲಿರುವಾಗಲೇ ಬರೆಯಬೇಕು.