ಜಿಡ್ಡಿನ ಊಟ, ನಡಿಗೆ ಮತ್ತು ಧಮನಿಯ ಒಳಪದರ

ಮುಂಬೈಯ ಮಾಟುಂಗಾದಲ್ಲಿ ಭಾನುವಾರ ಸೇರುವ ನಮ್ಮ ಓದಿನ ಗುಂಪಿನಲ್ಲಿ ಈ ಪಾಠ ಬಂದಾಗ, ಜಿಡ್ಡಿನ ಒಂದು ಊಟ ರಕ್ತನಾಳಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಹೆಚ್ಚಿನವರು ಬರೆದ ಉತ್ತರ ಒಂದೇ: ಊಟದ ಕೊಬ್ಬು ರಕ್ತನಾಳದ ಗೋಡೆಗೆ ಅಂಟಿ ದಾರಿಯನ್ನು ಕಿರಿದಾಗಿಸುತ್ತದೆ. ಒಂದು ಊಟದ ಮಟ್ಟಿಗೆ ಇದು ತಪ್ಪು. ಅಂಥ ಅಡಚಣೆ ವರ್ಷಗಟ್ಟಲೆ ಬೆಳೆಯುವಂಥದ್ದು. ಊಟದ ನಂತರದ ಕೆಲವು ಗಂಟೆಗಳಲ್ಲಿ ಕುಂದುವುದು, ಬೇಕೆಂದಾಗ ಹಿಗ್ಗುವ ನಾಳದ ಸಾಮರ್ಥ್ಯ.

ಧಮನಿಯ ಒಳಮೈಗೆ ಒಂದೇ ಸಾಲು ಕೋಶಗಳ ಹೊದಿಕೆಯಿದೆ; ಅದೇ ಎಂಡೋಥೀಲಿಯಮ್. ಮೊಲದ ಮಹಾಧಮನಿಯ ಪಟ್ಟಿಯಿಂದ ಈ ಪದರವನ್ನು ಉಜ್ಜಿ ತೆಗೆದರೆ, ನರಗಳು ಸ್ರವಿಸುವ ರಾಸಾಯನಿಕವಾದ ಅಸಿಟೈಲ್‌ಕೋಲೀನ್ ಹಾಕಿದರೂ ಪಟ್ಟಿ ಸಡಿಲಗೊಳ್ಳುವುದಿಲ್ಲವೆಂದು ಫರ್ಚ್‌ಗಾಟ್ ಮತ್ತು ಜವಾಡ್‌ಸ್ಕಿ 1980ರಲ್ಲಿ ತೋರಿಸಿದರು. ಈ ಪದರ ಹೊರಸೂಸುವ, ನಾಳವನ್ನು ಸಡಿಲಗೊಳಿಸುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಆಮೇಲೆ ತಿಳಿಯಿತು. ಆ ಶೋಧಗಳಿಗೆ 1998ರ ನೊಬೆಲ್ ಸಂದಿತು.

ನಾಳದ ಈ ಹಿಗ್ಗುವ ಸಾಮರ್ಥ್ಯವನ್ನು ಮನುಷ್ಯರಲ್ಲಿ ಅಳೆಯುವ ಕ್ರಮ ಸರಳ. ಮುಂಗೈಗೆ ಬಿ.ಪಿ. ಪಟ್ಟಿ ಸುತ್ತಿ, ರಕ್ತ ಹರಿಯದಷ್ಟು ಗಾಳಿ ತುಂಬಿ, 5 ನಿಮಿಷ ಬಿಟ್ಟು ಸಡಿಲಿಸುತ್ತಾರೆ. ಜೋಮು ಹಿಡಿದ, ಬಿಳಿಚಿಕೊಂಡ ಅಂಗೈಗೆ ಕೆಂಪು ನುಗ್ಗಿ ಬರುವುದು ಕಣ್ಣಿಗೇ ಕಾಣುತ್ತದೆ. ಹಾಗೆ ನುಗ್ಗುವ ರಕ್ತ ತೋಳಿನ ಧಮನಿಯ ಒಳಪದರವನ್ನು ಉಜ್ಜುತ್ತ ಸಾಗುವುದರಿಂದ ಅಲ್ಲಿ ನೈಟ್ರಿಕ್ ಆಕ್ಸೈಡ್ ಹುಟ್ಟಿ ನಾಳ ಹಿಗ್ಗುತ್ತದೆ. ಶೇಕಡಾ ಎಷ್ಟು ಹಿಗ್ಗಿತೆಂಬುದನ್ನು ಅಲ್ಟ್ರಾಸೌಂಡ್ ಹೇಳುತ್ತದೆ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ರಾಬರ್ಟ್ ವೋಗೆಲ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10 ಮಂದಿ ಆರೋಗ್ಯವಂತರು 50 ಗ್ರಾಂ ಕೊಬ್ಬಿದ್ದ 900 ಕ್ಯಾಲೊರಿಯ ಊಟ ಮಾಡಿದ ಮೇಲೆ ಈ ಹಿಗ್ಗುವಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅಷ್ಟೇ ಕ್ಯಾಲೊರಿಯ, ಕೊಬ್ಬಿಲ್ಲದ ಊಟದಿಂದ ಹಾಗಾಗಲಿಲ್ಲ. 50 ಗ್ರಾಂ ಕೊಬ್ಬು ಎಂದರೆ, ಬೆಣ್ಣೆ ಪೂರ್ತಿ ಕೊಬ್ಬಲ್ಲವಾದ್ದರಿಂದ, 100 ಗ್ರಾಂ ಬೆಣ್ಣೆಯ ಗಟ್ಟಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ನಮ್ಮೂರಿನ ಪಾವ್‌ಭಾಜಿಯ ತವಾದ ಮುಂದೆ ನಿಂತವರಿಗೆ ಇದು ಅಸಾಧ್ಯ ಪ್ರಮಾಣವೆನಿಸದು. ಕಾರಣ ಹೀಗೆ: ಕರುಳಿನಿಂದ ಬಂದ ಕೊಬ್ಬಿನ ಕಣಗಳಿಂದ ರಕ್ತದ ಟ್ರೈಗ್ಲಿಸರೈಡ್ (ರಕ್ತದಲ್ಲಿ ಸಾಗುವ ಕೊಬ್ಬು) ಏರಿದಾಗ, ಬಹುಬೇಗ ಪ್ರತಿಕ್ರಿಯಿಸುವ ಆಮ್ಲಜನಕದ ರೂಪವಾದ ಸೂಪರ್‌ಆಕ್ಸೈಡ್ ಹೆಚ್ಚುತ್ತದೆ, ಅದು ನೈಟ್ರಿಕ್ ಆಕ್ಸೈಡಿನೊಡನೆ ಕೂಡಿ ಅದನ್ನು ನಿಷ್ಪ್ರಯೋಜಕವಾಗಿಸುತ್ತದೆ. ಅನಿಲ ಹುಟ್ಟದೆ ಹೋಯಿತೆಂದಷ್ಟೇ ಬರೆದರೆ ಉತ್ತರ ಅರ್ಧವಾಗುತ್ತದೆ, ಹುಟ್ಟಿದ್ದೂ ಹಾಳಾಗುತ್ತದೆ.

ವ್ಯಾಯಾಮ ಎರಡು ದಾರಿಗಳಿಂದ ಕೆಲಸ ಮಾಡುತ್ತದೆ. ನಡೆಯುವಾಗ ರಕ್ತದ ಹರಿವು ಹೆಚ್ಚಿ ಒಳಪದರ ಆಗಿಂದಾಗಲೇ ನೈಟ್ರಿಕ್ ಆಕ್ಸೈಡ್ ಉತ್ಪಾದಿಸುತ್ತದೆ. ಇನ್ನೊಂದು ದಾರಿ ನಿಧಾನದ್ದು, ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯದ್ದು: ಸ್ನಾಯುಗಳಲ್ಲಿ ರಕ್ತದ ಕೊಬ್ಬನ್ನು ಒಡೆಯುವ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವದ ಚಟುವಟಿಕೆ ವ್ಯಾಯಾಮ ಮುಗಿದ ಹಲವು ಗಂಟೆಗಳ ನಂತರ ಏರುವುದರಿಂದ, ಇಂದು ಸಂಜೆ ಫೈವ್ ಗಾರ್ಡನ್ಸ್ ಉದ್ಯಾನಗಳ ಸುತ್ತ ಹಾಕಿದ ಬಿರುಸು ನಡಿಗೆ ನಾಳೆಯ ಊಟದ ಕೊಬ್ಬನ್ನು ರಕ್ತದಿಂದ ಬೇಗ ತೆರವುಗೊಳಿಸಲು ನೆರವಾಗುತ್ತದೆ. ಈ ಪರಿಣಾಮ ಒಂದೆರಡು ದಿನಗಳಲ್ಲಿ ಕರಗಿಹೋಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ದಣಿಯುವುದು ನಿತ್ಯದ ನಡಿಗೆಗೆ ಸಮವಲ್ಲ.

ಮೌಖಿಕ ಪರೀಕ್ಷೆಯಲ್ಲಿ ಕೇಳಬಹುದಾದ ಪ್ರಶ್ನೆಯೊಂದಿದೆ: ಈ ಅಳತೆಗೆ ಬರುವವರನ್ನು ಖಾಲಿ ಹೊಟ್ಟೆಯಲ್ಲಿ, ವ್ಯಾಯಾಮ ಮಾಡದೆ ಬರಲು ಹೇಳುವುದೇಕೆ? ಊಟ, ನಡಿಗೆ ಎರಡೂ ಕೆಲವೇ ಗಂಟೆಗಳಲ್ಲಿ ಅಳತೆಯನ್ನು ಬದಲಿಸಬಲ್ಲವು. ಅವನ್ನು ದೂರವಿಡದಿದ್ದರೆ ಯಂತ್ರದಲ್ಲಿ ಕಂಡ ಅಂಕಿ ಆ ವ್ಯಕ್ತಿಯ ಧಮನಿಯದೋ, ಬೆಳಗಿನ ತಿಂಡಿಯದೋ ಹೇಳಲಾಗದು.